ರಾಕ್ ಮತ್ತು ಜಾನಪದ ಸಂಗೀತಗಾರರನ್ನು ಸಂದರ್ಶಿಸುವ ಕೆಲಸ ಹೇಗಿರುತ್ತದೆ?

ನೀವು ಕೇಳಿರುವುದು ಮೂರು ವಿಷಯ. ಹೆಸರು ಮಾಡಿದ ಸಂಗೀತಗಾರರ ಎದುರು ಕೂತಾಗ ಏನು ಕೇಳಬೇಕು, ಅವರು ಬಾಯಿ ಬಿಡದಿದ್ದರೆ ಏನು ಮಾಡಬೇಕು, ಈ ಕೆಲಸ ನಂಬಿಕೊಂಡು ಬದುಕಬಹುದಾ. ನಾನು ಬಹಳ ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ, ರಾಕ್ ಬ್ಯಾಂಡಿನವರು, ಜಾನಪದ ಹಾಡುವವರು ಇಬ್ಬರನ್ನೂ ಮಾತಾಡಿಸಿದ್ದೇನೆ. ದುಡ್ಡಿನ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಏನು ಕೇಳಬೇಕು ಅನ್ನುವುದು.

ಹಾಡಿನ ಅರ್ಥ ಏನು ಅಂತ ಕೇಳಬೇಡಿ, ಆ ಹಾಡು ಹೇಗಾಯಿತು ಅಂತ ಕೇಳಿ. ಜಾನಪದದವರ ಹತ್ತಿರ ಇನ್ನೊಂದು ಸೇರಿಸಿ: ಯಾರಿಂದ ಬಂತು? ನನ್ನ ಕೆಲಸವೆಲ್ಲ ಈ ಎರಡು ಪ್ರಶ್ನೆಗಳ ಮೇಲೆಯೇ ನಡೆದಿದೆ.

ಅರ್ಥ ಕೇಳಿದರೆ ಏನಾಗುತ್ತದೆ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ ಇದೆ. 1965ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಮೆರಿಕದ ಗಾಯಕ ಬಾಬ್ ಡಿಲನ್ ಒಂದು ಪತ್ರಿಕಾಗೋಷ್ಠಿ ಕೊಟ್ಟರು, ಟಿವಿಯವರು ಅದನ್ನು ಪೂರ್ತಿ ಚಿತ್ರೀಕರಿಸಿದ್ದಾರೆ, ಹುಡುಕಿದರೆ ನೋಡಲು ಸಿಗುತ್ತದೆ. ನೀವು ನಿಮ್ಮನ್ನು ಗಾಯಕ ಅಂದುಕೊಳ್ಳುತ್ತೀರೋ ಕವಿ ಅಂತಲೋ ಎಂದು ಕೇಳಿದರೆ, ಹಾಡಿ ಕುಣಿಯುವವನು ಅಂದುಕೊಳ್ಳುತ್ತೇನೆ ಅಂದುಬಿಟ್ಟರು. ಜನ ನಕ್ಕರು. ಆ ಉತ್ತರವನ್ನು ಇವತ್ತಿಗೂ ಎಲ್ಲರೂ ಎತ್ತಿ ಹೇಳುತ್ತಾರೆ, ಆದರೆ ಪತ್ರಕರ್ತರ ಕಡೆಯಿಂದ ನೋಡಿದರೆ ಅಲ್ಲಿ ಬಾಗಿಲು ಹಾಕಿಕೊಂಡಿತು ಅಷ್ಟೇ. ಎಲ್ಲಿ ಹೋದರೂ ಅದದೇ ಪ್ರಶ್ನೆ ಕೇಳಿಸಿಕೊಳ್ಳುವವರು ತಪ್ಪಿಸಿಕೊಳ್ಳುವ ಉತ್ತರವನ್ನು ಮೊದಲೇ ತಯಾರು ಮಾಡಿ ಇಟ್ಟುಕೊಂಡಿರುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಈಗ ಕೆನಡಾದ ಗಾಯಕಿ ಜೋನಿ ಮಿಚೆಲ್ ವಿಷಯ ನೋಡಿ. ಒಂಬತ್ತನೇ ವಯಸ್ಸಿನಲ್ಲಿ ಪೋಲಿಯೋ ಬಂದು ಅವರ ಎಡಗೈ ಬಲ ಕಳೆದುಕೊಂಡಿತ್ತು, ಗಿಟಾರಿನ ಮಾಮೂಲಿ ಶ್ರುತಿಯಲ್ಲಿ ಕಷ್ಟದ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪನ್ನು) ಹಿಡಿಯುವುದು ಆಗುತ್ತಿರಲಿಲ್ಲ. ಅವರು ತಂತಿಗಳ ಶ್ರುತಿಯನ್ನೇ ಬೇರೆ ಬೇರೆ ರೀತಿ ಮಾಡಿಕೊಂಡರು, ಬೆರಳಿಗೆ ಹಗುರವಾಯಿತು, ಬೇರೆ ಯಾರ ಗಿಟಾರಿನಲ್ಲೂ ಕೇಳದ ಸ್ವರಗಳೂ ಬಂದವು. ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಆರನೇ ತಂತಿಯನ್ನೇ ಬಿಚ್ಚಿಹಾಕಿ ಐದು ತಂತಿಯ ಗಿಟಾರನ್ನು ಓಪನ್ ಜಿ, ಅಂದರೆ ಬೆರಳಿಡದೆ ಮೀಟಿದರೂ ಜಿ ಕಾರ್ಡ್ ಬರುವ ಶ್ರುತಿಯಲ್ಲಿ ನುಡಿಸುತ್ತಾರೆ. ಇಂಥವೆಲ್ಲ ನಮಗೆ ಗೊತ್ತಾಗಿರುವುದು ಯಾರೋ ಕೂತು ಕೈ ಬಗ್ಗೆ, ತಂತಿ ಬಗ್ಗೆ ಕೇಳಿದ್ದರಿಂದ. ನಿಮ್ಮ ಹಾಡುಗಳಲ್ಲಿ ಇಷ್ಟೊಂದು ವಿಷಾದ ಯಾಕೆ ಅಂತ ಕೇಳಿದ್ದರೆ ಸಿಗುತ್ತಿರಲಿಲ್ಲ.

ನನ್ನದೇ ಒಂದು ಉದಾಹರಣೆ. ಒಬ್ಬ ಬಾಸ್ ಗಿಟಾರ್ ವಾದಕರ ಜೊತೆ ಇಪ್ಪತ್ತು ನಿಮಿಷ ಸಿಕ್ಕಿತ್ತು. ಅವರ ಬ್ಯಾಂಡಿನಿಂದ ಗಾಯಕ ಹೊರಗೆ ಹೋಗಿ ಸ್ವಲ್ಪ ಸಮಯವಾಗಿತ್ತು, ಬೆಳಿಗ್ಗೆಯಿಂದ ಬಂದವರೆಲ್ಲ ಅದನ್ನೇ ಕೇಳಿ ಹೋಗಿದ್ದರು. ನಾನು ಒಳಗೆ ಹೋದಾಗ ಫೋನ್ ನೋಡುತ್ತಾ ಕೂತಿದ್ದರು, ತಲೆ ಎತ್ತಲಿಲ್ಲ. ಹೊಸ ಆಲ್ಬಮ್ಮಿನ ನಾಲ್ಕನೇ ಹಾಡಿನಲ್ಲಿ ಬಾಸಿನ ನಾದ ಮಿಡಿದ ತಕ್ಷಣ ದಪ್ ಅಂತ ನಿಂತುಬಿಡುತ್ತದಲ್ಲ, ಅದು ಅಂಗೈಯಿಂದ ಒತ್ತಿದ್ದೋ ಬ್ರಿಡ್ಜ್ (ತಂತಿಗಳು ಕೂರುವ ಪಟ್ಟಿ) ಹತ್ತಿರ ಏನಾದರೂ ಇಟ್ಟಿದ್ದೋ ಅಂತ ಕೇಳಿದೆ. ಫೋನ್ ಮಗುಚಿ ಇಟ್ಟರು. ಎದ್ದು ಹೋಗಿ, ಕೇಸ್ ತೆಗೆದು, ಬಾಸ್ ತಂದು ತೊಡೆ ಮೇಲೆ ಇಟ್ಟುಕೊಂಡು ತೋರಿಸಿದರು: ಬ್ರಿಡ್ಜ್ ಪಕ್ಕ, ತಂತಿಗಳ ಕೆಳಗೆ, ಹೆಬ್ಬೆರಳು ದಪ್ಪದ ಒಂದು ಸ್ಪಂಜಿನ ತುಂಡು, ಒಂದು ಕಡೆ ಸವೆದು ಹಳದಿಯಾಗಿತ್ತು. ಇದಿಲ್ಲದಿದ್ದರೆ ಕಾಲಲ್ಲಿ ಹೊಡೆಯುವ ಕಿಕ್ ಡ್ರಮ್ಮಿನ ಜಾಗವನ್ನೆಲ್ಲ ಬಾಸೇ ತಿಂದುಹಾಕುತ್ತದೆ ಅಂದರು. ಅಲ್ಲಿಂದ ಮಾತು ಡ್ರಮ್ಮರ್ ಕಡೆ ಹೋಯಿತು, ಡ್ರಮ್ಮರ್‌ನಿಂದ ರಿಹರ್ಸಲ್‌ಗೆ, ರಿಹರ್ಸಲ್‌ನಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದರು ಅನ್ನುವವರೆಗೆ ಅವರಾಗಿಯೇ ಬಂದರು. ಗಾಯಕ ಯಾಕೆ ಹೋದ ಅನ್ನುವುದು ನಾನು ಕೇಳದೆಯೇ ಸಿಕ್ಕಿತು.

ಇದು ಉಪಾಯ ಅಲ್ಲ, ದಯವಿಟ್ಟು ಹಾಗೆ ತಿಳಿದುಕೊಳ್ಳಬೇಡಿ. ಆ ನಾದ ಹೇಗೆ ಬಂತು ಅಂತ ನನಗೆ ನಿಜವಾಗಿ ತಿಳಿಯಬೇಕಿತ್ತು. ಸುಮ್ನೆ ಕೇಳಿದರೆ ಅವರಿಗೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಅದಕ್ಕೇ ತಯಾರಿ ಅಂದರೆ ವಿಕಿಪೀಡಿಯ ಓದುವುದಲ್ಲ, ಆಲ್ಬಮ್ಮನ್ನು ಹೆಡ್‌ಫೋನ್ ಹಾಕಿಕೊಂಡು ಮತ್ತೆ ಮತ್ತೆ ಕೇಳುವುದು. ಕವರಿನ ಒಳಗಡೆ ಸಣ್ಣ ಅಕ್ಷರದಲ್ಲಿ ಇರುವುದನ್ನು ಓದಿ. ಯಾವ ಸ್ಟುಡಿಯೋ, ಇಂಜಿನಿಯರ್ ಯಾರು, ಮೂರನೇ ಹಾಡಿನಲ್ಲಿ ಮಾತ್ರ ಪಿಟೀಲು ನುಡಿಸಿದವರು ಯಾರು. ನನ್ನ ಒಳ್ಳೆಯ ಪ್ರಶ್ನೆಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹುಟ್ಟಿವೆ.

ವಾದ್ಯ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು. 1938ರಲ್ಲಿ ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಜಾನಪದ ಹಾಡುಗಳ ಸಂಗ್ರಾಹಕ ಆಲನ್ ಲೋಮ್ಯಾಕ್ಸ್ ಅವರು ಪಿಯಾನೋ ವಾದಕ ಜೆಲ್ಲಿ ರೋಲ್ ಮಾರ್ಟನ್ ಅವರನ್ನು ಮಾತಾಡಿಸಿದರು, ಪಿಯಾನೋ ಮುಂದೆಯೇ ಕೂರಿಸಿ. ಮಾರ್ಟನ್ ಕಥೆ ಹೇಳುತ್ತಾ ಹೇಳುತ್ತಾ ಕೆಳಗೆ ಮೆಲ್ಲಗೆ ಸ್ವರ ಹಾಕುತ್ತಾರೆ, ಈ ಹಾಡು ಮೊದಲು ಹೀಗಿತ್ತು, ಆಮೇಲೆ ಹೀಗಾಯಿತು ಅಂತ ನುಡಿಸಿಯೇ ತೋರಿಸುತ್ತಾರೆ. ಅದು ಜಾಝ್, ನಮ್ಮ ವಿಷಯ ರಾಕ್ ಮತ್ತು ಜಾನಪದ, ಆದರೂ ಸಂದರ್ಶನ ಮಾಡುವವರು ಎಲ್ಲರೂ ಅದನ್ನೊಮ್ಮೆ ಕೇಳಲೇಬೇಕು. ಮಾತಲ್ಲಿ ಮರೆತದ್ದು ಕೈಗೆ ನೆನಪಿರುತ್ತದೆ. ನಾನು ಸಾಧ್ಯವಾದಾಗೆಲ್ಲ ಸೌಂಡ್‌ಚೆಕ್ (ಕಾರ್ಯಕ್ರಮಕ್ಕೆ ಮುಂಚೆ ಧ್ವನಿ ಸರಿ ನೋಡಿಕೊಳ್ಳುವುದು) ಮುಗಿದ ತಕ್ಷಣದ ಹೊತ್ತನ್ನೇ ಕೇಳಿಕೊಳ್ಳುತ್ತೇನೆ, ಯಾಕಂದರೆ ಗಿಟಾರ್ ಇನ್ನೂ ಹೆಗಲ ಮೇಲೆ ಇರುತ್ತದೆ.

ಬಾಯಿಯೇ ಬಿಡದವರು ಇರುತ್ತಾರೆ, ಅದೂ ಸತ್ಯ. ಇಂಗ್ಲಿಷ್ ಗಾಯಕ ನಿಕ್ ಡ್ರೇಕ್ ಬದುಕಿದ್ದಾಗ ಅಚ್ಚಾದ ಸಂದರ್ಶನ ಅಂತ ಇರುವುದು ಒಂದೇ, 1971ರಲ್ಲಿ ಸೌಂಡ್ಸ್ ಅನ್ನುವ ಬ್ರಿಟಿಷ್ ವಾರಪತ್ರಿಕೆಗೆ ಜೆರ್ರಿ ಗಿಲ್ಬರ್ಟ್ ಮಾಡಿದ್ದು. ಡ್ರೇಕ್ ಮುಖ ಕೊಟ್ಟು ಮಾತಾಡಲೇ ಇಲ್ಲ, ಸಿಕ್ಕಿದ್ದು ಕೆಲವೇ ಕೆಲವು ಮಾತು. 1974ರಲ್ಲಿ 26ನೇ ವಯಸ್ಸಿಗೆ ಡ್ರೇಕ್ ತೀರಿಕೊಂಡರು. ಅವರ ಹಾಡುಗಳನ್ನು ಜನ ನಿಜವಾಗಿ ಕೇಳಲು ಶುರು ಮಾಡಿದ್ದು ಅದಾಗಿ ಎಷ್ಟೋ ವರ್ಷದ ಮೇಲೆ. ಅಂದು ವ್ಯರ್ಥ ಅನ್ನಿಸಿರಬಹುದಾದ ಆ ಸಣ್ಣ ಸಂದರ್ಶನವನ್ನು ಈಗ ಅವರ ಬಗ್ಗೆ ಬರೆಯುವವರೆಲ್ಲ ಹುಡುಕಿ ಓದುತ್ತಾರೆ. ಹಾಗಾಗಿ ಎದುರಿಗಿದ್ದವರು ಸುಮ್ಮನಾದರೆ ಗಾಬರಿ ಬೀಳಬೇಡಿ. ಖಾಲಿ ಜಾಗ ತುಂಬಿಸಬೇಕು ಅಂತ ನೀವೇ ಮಾತಾಡಿಬಿಡಬೇಡಿ, ಅದು ಈ ಕೆಲಸದಲ್ಲಿ ಕಾಣುವ ದೊಡ್ಡ ದುರಭ್ಯಾಸ. ಮನಸ್ಸಿನಲ್ಲೇ ಹತ್ತು ಎಣಿಸಿ. ಬಹಳ ಸಲ ಒಳ್ಳೆಯ ಮಾತು ಬರುವುದು ಎಂಟಕ್ಕೋ ಒಂಬತ್ತಕ್ಕೋ. ಬರದಿದ್ದರೆ ಬೇಡ, ಬಂದಷ್ಟನ್ನೇ ಬರೆಯಿರಿ. ಸೇರಿಸಿ ಬರೆಯಬೇಡಿ.

ಇನ್ನು ಜಾನಪದದವರ ವಿಷಯ. ಇದು ಪೂರ್ತಿ ಬೇರೆ ಲೋಕ. ರಾಕ್ ಬ್ಯಾಂಡ್ ಸ್ವಲ್ಪ ಹೆಸರು ಮಾಡಿದ್ದರೆ ಮಧ್ಯದಲ್ಲಿ ಪ್ರಚಾರ ನೋಡಿಕೊಳ್ಳುವ ಪಿಆರ್‌ನವರು ಇರುತ್ತಾರೆ, ಗಡಿಯಾರ ಇರುತ್ತದೆ, ನಿಮಗಿಂತ ಮೊದಲು ಒಬ್ಬರು, ನಿಮ್ಮ ನಂತರ ಇನ್ನೊಬ್ಬರು. ಜಾನಪದ ಹಾಡುವವರಲ್ಲಿ ಎಷ್ಟೋ ಜನಕ್ಕೆ ಹಾಡು ಉದ್ಯೋಗವೇ ಅಲ್ಲ. 1959ರಲ್ಲಿ ಲೋಮ್ಯಾಕ್ಸ್ ಮತ್ತು ಇಂಗ್ಲಿಷ್ ಗಾಯಕಿ ಶರ್ಲಿ ಕಾಲಿನ್ಸ್ ಅಮೆರಿಕದ ಮಿಸಿಸಿಪಿಯಲ್ಲಿ ಬ್ಲೂಸ್ ಹಾಡುಗಾರ ಫ್ರೆಡ್ ಮೆಕ್‌ಡೊವೆಲ್ ಅವರನ್ನು ಮೊದಲ ಸಲ ರೆಕಾರ್ಡ್ ಮಾಡಿದಾಗ ಅವರು ಹೊಲದ ಕೆಲಸ ಮುಗಿಸಿ ಗಿಟಾರ್ ಹಿಡಿದುಕೊಂಡು ಬಂದಿದ್ದರು. ಅಂಥವರಿಗೆ ನಿಮ್ಮ ಡೆಡ್‌ಲೈನ್ ಹೇಳಿ ಉಪಯೋಗವಿಲ್ಲ. ಅವರ ಕೆಲಸ ಮುಗಿಯುವವರೆಗೆ ಕಾಯಬೇಕು, ಮಾತು ಎಲ್ಲಿಗೆ ಹೋದರೂ ಜೊತೆಗೆ ಹೋಗಬೇಕು. ನನಗೆ ಇದೇ ಜಾಸ್ತಿ ಇಷ್ಟ, ಮುಚ್ಚಿಡುವುದಿಲ್ಲ.

ಹಳೆಯ ಕಥನಗೀತೆಗಳನ್ನು ಹಾಡುವ ಒಬ್ಬ ಅಜ್ಜಿ, ನನ್ನ ಹತ್ತಿರ ಹೇಳಲು ಏನೂ ಇಲ್ಲ, ಬೇಕಾದರೆ ಒಂದು ಹಾಡು ಹೇಳುತ್ತೇನೆ, ಕೇಳಿಕೊಂಡು ಹೋಗು ಅಂದರು. ಹಾಡಿದರು. ಯಾರು ಕಲಿಸಿದ್ದು ಅಂದೆ. ಅಮ್ಮನೂ ಹಾಡುತ್ತಿದ್ದಳು, ಅತ್ತೆಯೂ ಹಾಡುತ್ತಿದ್ದಳು, ನಾನು ಹಾಡಿದ್ದು ಅತ್ತೆಯದು ಅಂದರು. ಅಮ್ಮನದು ಬೇರೆನಾ? ಬೇರೆಯೇ. ಅಮ್ಮ ಹಾಡುತ್ತಿದ್ದದ್ದು ಮಕ್ಕಳನ್ನು ಮಲಗಿಸುವಾಗ, ಹಾಗಾಗಿ ಹುಡುಗಿ ಸಾಯುವ ನುಡಿಯನ್ನು ಬಿಟ್ಟೇಬಿಡುತ್ತಿದ್ದಳು. ಅತ್ತೆ ಕೆಲಸ ಮಾಡುತ್ತಾ ಹಾಡುತ್ತಿದ್ದಳು, ಅವಳಿಗೆ ಹಾಡು ಉದ್ದ ಇದ್ದಷ್ಟೂ ಒಳ್ಳೆಯದು, ಏನನ್ನೂ ಬಿಡುತ್ತಿರಲಿಲ್ಲ. ಎರಡನ್ನೂ ಹಾಡಿ ತೋರಿಸಿದರು. ಅಮ್ಮನದು ನಿಧಾನ, ಅತ್ತೆಯದರಲ್ಲಿ ಪ್ರತಿ ಸಾಲಿನ ಕೊನೆಗೆ ಕೈ ಎತ್ತಿ ಇಳಿಸುವ ಒಂದು ಒತ್ತು. ಹೇಳಲು ಏನೂ ಇಲ್ಲ ಅಂದವರು ಕತ್ತಲಾಗುವವರೆಗೆ ಮಾತಾಡಿದರು.

ಯಾರಿಂದ ಬಂತು ಅನ್ನುವ ಪ್ರಶ್ನೆಯ ಹಿಂದೆ ದುಡ್ಡು ಇದೆ, ನ್ಯಾಯವೂ ಇದೆ. ಇದನ್ನು ಹೊಸಬರು ಯಾರೂ ಗಮನಿಸುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಮೆರಿಕದಲ್ಲಿ ಎಲಿಜಬೆತ್ ಕಾಟನ್ ಅಂತ ಒಬ್ಬರು, ಎಡಗೈಯವರು, ಗಿಟಾರನ್ನು ತಿರುಗಿಸಿ ಹಿಡಿದು ಹೆಬ್ಬೆರಳಿನಲ್ಲಿ ರಾಗ, ಉಳಿದ ಬೆರಳಲ್ಲಿ ಮಂದ್ರ ಸ್ವರ ನುಡಿಸುತ್ತಿದ್ದರು. ಜಾನಪದ ಸಂಗೀತಕ್ಕೆ ಹೆಸರಾದ ಸೀಗರ್ ಕುಟುಂಬದ ಮನೆಯಲ್ಲಿ ಕೆಲಸಕ್ಕಿದ್ದರು. ಚಿಕ್ಕ ಹುಡುಗಿಯಾಗಿದ್ದಾಗ ಕಟ್ಟಿದ 'ಫ್ರೈಟ್ ಟ್ರೇನ್' ಹಾಡು ಆ ಮನೆಯ ಮಗಳು ಪೆಗ್ಗಿ ಸೀಗರ್ ಮೂಲಕ ಇಂಗ್ಲೆಂಡಿಗೆ ಹೋಯಿತು, 1957ರಲ್ಲಿ ಅಲ್ಲಿ ದೊಡ್ಡ ಹಿಟ್ ಆಯಿತು, ಆದರೆ ಬರೆದವರು ಅಂತ ಇದ್ದದ್ದು ಬೇರೆಯವರ ಹೆಸರು. ಕಾಟನ್ ಅವರ ಹೆಸರು ಸೇರಲು ಆಮೇಲೆ ಹೋರಾಟವೇ ಬೇಕಾಯಿತು.

ಇದಕ್ಕಿಂತ ದೊಡ್ಡದು ದಕ್ಷಿಣ ಆಫ್ರಿಕಾದ ಗಾಯಕ ಸಾಲೊಮನ್ ಲಿಂಡಾ ಅವರ ಕಥೆ. 1939ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ತಮ್ಮ ತಂಡದ ಜೊತೆ ಒಂದು ಹಾಡು ರೆಕಾರ್ಡ್ ಮಾಡಿದರು. ಅದು ಅಮೆರಿಕಕ್ಕೆ ಹೋಗಿ, ರೂಪ ಬದಲಾಗಿ, 1961ರಲ್ಲಿ 'ದ ಲಯನ್ ಸ್ಲೀಪ್ಸ್ ಟುನೈಟ್' ಆಗಿ ಜಗತ್ತಿಗೆಲ್ಲ ಗೊತ್ತಾಯಿತು, 1994ರ ಡಿಸ್ನಿ ಸಿನಿಮಾದಲ್ಲೂ ಬಂತು. ಲಿಂಡಾ 1962ರಲ್ಲೇ ಬಡತನದಲ್ಲಿ ತೀರಿಕೊಂಡಿದ್ದರು. 2000ದಲ್ಲಿ ದಕ್ಷಿಣ ಆಫ್ರಿಕಾದ ಪತ್ರಕರ್ತ ರಿಯಾನ್ ಮಲಾನ್, ರೋಲಿಂಗ್ ಸ್ಟೋನ್ ಪತ್ರಿಕೆಯಲ್ಲಿ ಈ ಹಾಡಿನ ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಜಾಡು ಹಿಡಿದು ಬರೆದರು. ಲಿಂಡಾ ಕುಟುಂಬದ ಕಡೆಯಿಂದ ಕೇಸ್ ಬಿತ್ತು, 2006ರಲ್ಲಿ ರಾಜಿಯಾಗಿ ಅವರ ಹೆಣ್ಣುಮಕ್ಕಳಿಗೆ ಹಣ ಬರುವ ಹಾಗಾಯಿತು. ಸಂಗೀತದ ಬಗ್ಗೆ ಬರೆದ ಲೇಖನ ಒಂದು ಕುಟುಂಬಕ್ಕೆ ಅದರ ಪಾಲು ತಂದುಕೊಟ್ಟಿತು. ಈ ಕೆಲಸದಿಂದ ಏನು ಪ್ರಯೋಜನ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಹಾಗಾಗಿ ರಾಕ್ ಬ್ಯಾಂಡ್ ಒಂದು ಆಲ್ಬಮ್ಮಿನಲ್ಲಿ ಸಾಂಪ್ರದಾಯಿಕ ಹಾಡು ಅಂತ ಹಾಕಿದ್ದರೆ ಖಂಡಿತ ಕೇಳಿ: ನೀವು ಇದನ್ನು ಯಾರ ಬಾಯಿಂದ ಕೇಳಿದಿರಿ? ಅವರು ಎಲ್ಲಿದ್ದಾರೆ? ಅವರಿಗೆ ಏನು ಹೋಗುತ್ತದೆ?

ಮಾತಾಡಿಸಿ ಬಂದ ಮೇಲೆ ಅರ್ಧ ಕೆಲಸ ಬಾಕಿ ಇರುತ್ತದೆ. ಈಗ ರೆಕಾರ್ಡಿಂಗನ್ನು ಅಕ್ಷರಕ್ಕೆ ಇಳಿಸಿ ಕೊಡುವ ಆ್ಯಪ್‌ಗಳಿವೆ, ನಾನೂ ಬಳಸುತ್ತೇನೆ, ಆದರೆ ಪೂರ್ತಿ ರೆಕಾರ್ಡಿಂಗನ್ನು ನಾನೇ ಕೇಳದೆ ಬರೆಯುವುದಿಲ್ಲ. ವಾದ್ಯದ ಹೆಸರು, ಊರಿನ ಹೆಸರು, ಹಳೆಯ ಗುರುಗಳ ಹೆಸರು ಅದರಲ್ಲಿ ತಪ್ಪಾಗುವುದೇ ಹೆಚ್ಚು. ಅಲ್ಲದೆ ಎಲ್ಲಿ ತಡೆದರು, ಎಲ್ಲಿ ದನಿ ಇಳಿಸಿದರು ಅನ್ನುವುದು ಕಾಗದದ ಮೇಲೆ ಬರುವುದಿಲ್ಲ. ರೆಕಾರ್ಡರ್ ಎರಡಿರಲಿ, ಒಂದು ಫೋನ್, ಒಂದು ಬೇರೆ. ಟೇಬಲ್ ಮೇಲೆ ಬರಿದೇ ಇಡಬೇಡಿ, ಕರ್ಚೀಫ್ ಹಾಸಿ ಇಡಿ. ಸಂಗೀತಗಾರರು ಬೆರಳಲ್ಲಿ ತಾಳ ಹಾಕದೆ ಕೂರುವುದಿಲ್ಲ, ಆ ಸದ್ದೆಲ್ಲ ಮಾತಿನ ಮೇಲೆ ಬೀಳುತ್ತದೆ. ಪಕ್ಕದ ಹಾಲ್‌ನಲ್ಲಿ ಡ್ರಮ್ ಸೌಂಡ್‌ಚೆಕ್ ಇದ್ದರೆ ಬೇರೆ ಕೋಣೆ ಕೇಳಿ, ನಾಚಿಕೆಪಡಬೇಡಿ.

ಬರೆಯುವಾಗಿನ ಜವಾಬ್ದಾರಿಗೆ 1966ರ ಕಥೆ ಸಾಕು. ಲಂಡನ್‌ನ ಈವ್ನಿಂಗ್ ಸ್ಟ್ಯಾಂಡರ್ಡ್ ಪತ್ರಿಕೆಗೆ ಮೊರೀನ್ ಕ್ಲೀವ್ ಅವರು ಬೀಟಲ್ಸ್ ಬ್ಯಾಂಡಿನ ಜಾನ್ ಲೆನನ್ ಬಗ್ಗೆ ಬರೆದ ಉದ್ದನೆಯ ಲೇಖನ ಮಾರ್ಚ್‌ನಲ್ಲಿ ಬಂತು. ಬೀಟಲ್ಸ್ ಈಗ ಯೇಸುವಿಗಿಂತ ಜನಪ್ರಿಯ ಅನ್ನುವ ಮಾತು ಅದರ ನಡುವೆ ಎಲ್ಲೋ ಇತ್ತು. ಬ್ರಿಟನ್ನಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬೇಸಿಗೆಯಲ್ಲಿ ಅಮೆರಿಕದ ಡೇಟ್‌ಬುಕ್ ಪತ್ರಿಕೆ ಆ ಮಾತನ್ನು ಮತ್ತೆ ಅಚ್ಚು ಹಾಕಿದ್ದೇ ತಡ, ರೇಡಿಯೋ ಕೇಂದ್ರಗಳು ಹಾಡು ನಿಲ್ಲಿಸಿದವು, ಜನ ರೆಕಾರ್ಡ್‌ಗಳನ್ನು ರಾಶಿ ಹಾಕಿ ಸುಟ್ಟರು, ಆಗಸ್ಟ್‌ನಲ್ಲಿ ಷಿಕಾಗೋದಲ್ಲಿ ಲೆನನ್ ಪತ್ರಕರ್ತರ ಮುಂದೆ ಕೂತು ಕ್ಷಮೆ ಕೇಳಬೇಕಾಯಿತು. ಕ್ಲೀವ್ ಬರೆದದ್ದರಲ್ಲಿ ತಪ್ಪಿರಲಿಲ್ಲ. ಆ ಮಾತಿನ ಹಿಂದೆ ಮುಂದೆ ಇದ್ದದ್ದೆಲ್ಲ ಕಿತ್ತುಹೋಗಿತ್ತು ಅಷ್ಟೇ. ಈಗ ಹಾಗೆ ಕಿತ್ತುಕೊಳ್ಳಲು ತಿಂಗಳುಗಳು ಬೇಡ, ಹತ್ತು ನಿಮಿಷ ಸಾಕು. ಹಾಗಾಗಿ ಮಾತನ್ನು ಅದರ ಮೈಯಿಂದ ಬೇರೆಯಾಗಿ ತೆಗೆದರೂ ಅರ್ಥ ಕೆಡದ ಹಾಗೆ ಬರೆಯುವುದು, ಮತ್ತು ಶೀರ್ಷಿಕೆ ಏನಿಡುತ್ತೀರಿ ಅಂತ ಸಂಪಾದಕರನ್ನು ಮೊದಲೇ ಕೇಳುವುದು ನಮ್ಮ ಕೆಲಸವೇ.

ಯಾರಾದರೂ ಆಫ್ ದಿ ರೆಕಾರ್ಡ್, ಇದನ್ನು ಬರೆಯಬೇಡಿ ಅಂದರೆ ಅಲ್ಲಿಗೆ ಮುಗಿಯಿತು, ರೆಕಾರ್ಡರ್ ನಿಲ್ಲಿಸಿ, ಅವರಿಗೆ ಕಾಣುವ ಹಾಗೆ. ಈ ವಿಷಯ ಕೇಳಬೇಡಿ ಅಂತ ಪಿಆರ್‌ನವರು ಪಟ್ಟಿ ಕೊಟ್ಟರೆ ನಾನು ಒಪ್ಪಿಗೆ ಕೊಡುವುದಿಲ್ಲ, ಕೊನೆಯಲ್ಲಿ ಮರ್ಯಾದೆಯಿಂದ ಕೇಳುತ್ತೇನೆ, ಉತ್ತರ ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು ಅಂತ ಮೊದಲೇ ಹೇಳುತ್ತೇನೆ. ಲೇಖನವನ್ನು ಮೊದಲೇ ತೋರಿಸಿ ಅಂದರೆ ಇಲ್ಲ. ಆದರೆ ಹೆಸರು, ವರ್ಷ, ವಾದ್ಯದ ವಿವರ ಸರಿ ಇದೆಯಾ ಅಂತ ಫೋನ್ ಮಾಡಿ ಕೇಳಿಕೊಳ್ಳುವುದು ಬೇರೆ, ಅದನ್ನು ಯಾವಾಗಲೂ ಮಾಡಿ.

ಈಗ ದುಡ್ಡು. ಬರೀ ಸಂಗೀತ ಸಂದರ್ಶನ ನಂಬಿಕೊಂಡು ಬದುಕುವವರು ತುಂಬಾ ಕಡಿಮೆ. 1926ರಲ್ಲಿ ಶುರುವಾದ ಬ್ರಿಟನ್ನಿನ ಸಂಗೀತ ಪತ್ರಿಕೆ ಮೆಲೊಡಿ ಮೇಕರ್ 2000ದಲ್ಲಿ ನಿಂತಿತು. ಅಲ್ಲಿಯದೇ ಎನ್‌ಎಂಇ 2018ರಲ್ಲಿ ವಾರಪತ್ರಿಕೆ ಅಚ್ಚು ಹಾಕುವುದನ್ನು ನಿಲ್ಲಿಸಿತು. ಕ್ಯೂ ಪತ್ರಿಕೆ 2020ರಲ್ಲಿ ಹೋಯಿತು. ಅಚ್ಚಿನವರಿಗೆ ಮಾತ್ರ ಈ ಗತಿ ಅನ್ನುವ ಹಾಗೂ ಇಲ್ಲ, ವೆಬ್‌ನಲ್ಲೇ ಬೆಳೆದ ಸಂಗೀತ ವಿಮರ್ಶೆಯ ತಾಣ ಪಿಚ್‌ಫೋರ್ಕನ್ನು 2024ರಲ್ಲಿ ಅದರ ಮಾಲೀಕ ಸಂಸ್ಥೆ ಪುರುಷರ ಪತ್ರಿಕೆ ಜಿಕ್ಯೂ ಜೊತೆ ಸೇರಿಸಿತು, ಎಷ್ಟೋ ಬರಹಗಾರರು ಕೆಲಸ ಕಳೆದುಕೊಂಡರು. ನಾನು ಜೊತೆಗೆ ಬೇರೆಯವರ ಬರಹ ತಿದ್ದುವ ಕೆಲಸ, ಆಲ್ಬಮ್‌ಗಳಿಗೆ ಟಿಪ್ಪಣಿ, ಸ್ವಲ್ಪ ರೇಡಿಯೋ ಎಲ್ಲ ಮಾಡಿಯೇ ಸಂಸಾರ ನಡೆಸಿದ್ದೇನೆ. ಒಂದು ಎಚ್ಚರ: ಟಿಪ್ಪಣಿಗೆ ಯಾರಿಂದ ದುಡ್ಡು ತೆಗೆದುಕೊಳ್ಳುತ್ತೀರೋ ಅವರ ಆಲ್ಬಮ್ಮಿನ ವಿಮರ್ಶೆ ಬರೆಯಬೇಡಿ. ಇನ್ನೊಂದು ಕೆಲಸ ಇಟ್ಟುಕೊಂಡೇ ಶುರು ಮಾಡಿ, ಮೊದಲ ವರ್ಷಗಳಲ್ಲಂತೂ ಬಿಡಲೇಬೇಡಿ.

ಶುರು ಮಾಡಲು ಯಾರ ಅಪ್ಪಣೆಯೂ ಬೇಡ. ಪಾಲ್ ವಿಲಿಯಮ್ಸ್ 1966ರಲ್ಲಿ ಕ್ರಾಡ್ಯಾಡಿ ಅನ್ನುವ ಪತ್ರಿಕೆ ತಂದಾಗ ಅವರಿಗೆ 17 ವರ್ಷ, ಕಾಲೇಜು ಹುಡುಗ, ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳನ್ನು ಪಿನ್ ಹೊಡೆದು ಹಂಚಿದರು. ರಾಕ್ ಸಂಗೀತದ ಬಗ್ಗೆ ಗಂಭೀರವಾಗಿ ಬರೆಯಬಹುದು ಅಂತ ಅಮೆರಿಕದಲ್ಲಿ ತೋರಿಸಿದ್ದು ಅದು. ರೋಲಿಂಗ್ ಸ್ಟೋನ್ ಬಂದದ್ದು ಅದರ ಮರುವರ್ಷ.

ಮೊದಲ ಸಂದರ್ಶನಕ್ಕೆ ಗಾಯಕರ ಹಿಂದೆ ಬೀಳಬೇಡಿ, ಅವರು ಸಿಗುವುದೂ ಇಲ್ಲ, ಸಿಕ್ಕರೂ ಎಲ್ಲರಿಗೂ ಹೇಳಿದ್ದನ್ನೇ ನಿಮಗೂ ಹೇಳುತ್ತಾರೆ. ಡ್ರಮ್ಮರ್ ಹತ್ತಿರ ಹೋಗಿ. ಸೌಂಡ್ ಇಂಜಿನಿಯರ್ ಹತ್ತಿರ, ವಾದ್ಯ ರಿಪೇರಿ ಮಾಡುವವರ ಹತ್ತಿರ ಹೋಗಿ. ಅವರನ್ನು ಯಾರೂ ಕೇಳಿರುವುದಿಲ್ಲ, ಅವರಿಗೆ ಗೊತ್ತಿಲ್ಲದ್ದು ಯಾವುದೂ ಇರುವುದಿಲ್ಲ. ಆಮೇಲೆ ಸಂಪಾದಕರಿಗೆ ಬರೆಯುವಾಗ ನನಗೆ ಸಂಗೀತ ಅಂದರೆ ಪ್ರಾಣ ಅಂತ ಬರೆಯಬೇಡಿ, ಬರುವ ಪತ್ರಗಳಲ್ಲೆಲ್ಲ ಅದೇ ಇರುತ್ತದೆ. ಯಾರನ್ನು ಮಾತಾಡಿಸಿದ್ದೀರಿ, ಅವರು ಹೇಳಿದ್ದರಲ್ಲಿ ಬೇರೆಲ್ಲೂ ಬಾರದ ಸಂಗತಿ ಯಾವುದು, ಎಷ್ಟು ಪದ, ಯಾವತ್ತು ಕೊಡುತ್ತೀರಿ. ನಾಲ್ಕು ಸಾಲು ಸಾಕು. ವಾರವಾದರೂ ಉತ್ತರ ಬಾರದಿದ್ದರೆ ಇನ್ನೊಂದು ಸಲ ಬರೆಯಿರಿ, ಅದಕ್ಕೂ ಬಾರದಿದ್ದರೆ ಅದೇ ಲೇಖನವನ್ನು ಬೇರೆ ಕಡೆ ಕಳಿಸಿ.